ಆಟಿಸಂ ಬರುವುದು ಮೊಬೈಲ್‌ನಿಂದಲೋ, ಚುಚ್ಚುಮದ್ದಿನಿಂದಲೋ? ಮಗುವಿನ ಮಿದುಳಿನಲ್ಲಿ ನಿಜಕ್ಕೂ ಆಗುವುದೇನು?

“ದಡಾರದ ಇಂಜೆಕ್ಷನ್ ಕೊಡಿಸಿದ ಮೇಲೆ ಮಗು ಮಾತು ನಿಲ್ಲಿಸಿತು, ಎಲ್ಲ ತಾಯಂದಿರಿಗೂ ಕಳಿಸಿ.” “ಮೊಬೈಲ್ ನೋಡಿ ನೋಡಿ ವರ್ಚುವಲ್ ಆಟಿಸಂ ಬರುತ್ತದೆ, ಮೊಬೈಲ್ ಬಿಡಿಸಿದರೆ ವಾಸಿ.” “ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಆಟಿಸಂ ಪೂರ್ತಿ ಗುಣ.” ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಭಾಗದ ಓದುಗರು “ಇದು ಖರೇನಾ?” ಎಂದು ನಮಗೆ ಕಳಿಸುವ ಫಾರ್ವರ್ಡ್‌ಗಳು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿರುತ್ತವೆ. ಫೋನಿಗೆ ಬಾರದೆ ಮನೆಯೊಳಗೇ ಓಡಾಡುವ ಮಾತು ಇನ್ನೊಂದಿದೆ: “ಬಸರಿ ಇದ್ದಾಗ ಗ್ರಹಣ ನೋಡ್ಯಾಳ, ಅದಕ್ಕ ಹುಡುಗ ಹಿಂಗಾಗ್ಯಾನ.”

ಈ ನಾಲ್ಕೂ ಮಾತಿಗೆ ಬೇರೆ ಬೇರೆ ಉತ್ತರ ಕೊಡಬಹುದು. ಆದರೆ ನಾಲ್ಕನ್ನೂ ಒಟ್ಟಿಗೆ ಪರೀಕ್ಷಿಸುವ ಪ್ರಶ್ನೆ ಒಂದೇ. ಆಟಿಸಂ ಇರುವ ಮಗುವಿನ ಮಿದುಳು ಬೇರೆ ರೀತಿ ಬೆಳೆಯಲು ಶುರುವಾಗುವುದು ಯಾವಾಗ? ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ಹೆಚ್ಚು ಕೆಲಸ ಮಾಡಿರುವುದು ಇದರ ಮೇಲೆಯೇ.

ಮೊದಲು, ಆಟಿಸಂ ಅಂದರೆ

ಕನ್ನಡದಲ್ಲಿ ಸ್ವಲೀನತೆ ಎಂದೂ ಕರೆಯುವ ಆಟಿಸಂ, ಜ್ವರದಂತೆ ಬಂದು ಹೋಗುವ ಕಾಯಿಲೆ ಅಲ್ಲ. ಅದು ಮಿದುಳು ಬೆಳೆಯುವ ಒಂದು ಬೇರೆ ರೀತಿ. ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು, ಬೇಕಾದ್ದನ್ನು ಬೆರಳಿಟ್ಟು ತೋರಿಸದಿರುವುದು, ಮಾತು ತಡವಾಗುವುದು ಅಥವಾ ಕೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಗಾಡಿಯ ಗಾಲಿಯನ್ನೇ ತಾಸುಗಟ್ಟಲೆ ತಿರುಗಿಸುವುದು, ಕುಕ್ಕರ್ ಸೀಟಿಗೆ ಕಿವಿ ಮುಚ್ಚಿ ಅಳುವುದು ಇದರ ಲಕ್ಷಣಗಳಲ್ಲಿ ಕೆಲವು. ಎಲ್ಲ ಮಕ್ಕಳಲ್ಲೂ ಎಲ್ಲವೂ ಇರುವುದಿಲ್ಲ. ಕೆಲವರು ಮಾತೇ ಆಡುವುದಿಲ್ಲ, ಕೆಲವರು ಇಂಜಿನಿಯರ್ ಆಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ದೊಡ್ಡ ಹಳ್ಳಿಯೊಂದರಲ್ಲಿ ಇಂಥವರು ಹತ್ತಾರು ಮಂದಿ ಇರಲೇಬೇಕು. ಹೊರಗೆ ಕಾಣುವುದಿಲ್ಲ, ಅಷ್ಟೇ.

1943ರಲ್ಲಿ ಅಮೆರಿಕದ ವೈದ್ಯ ಲಿಯೊ ಕಾನರ್ 11 ಮಕ್ಕಳ ವಿವರ ಬರೆದು ಆಟಿಸಂ ಅನ್ನು ಪ್ರತ್ಯೇಕ ಸ್ಥಿತಿಯಾಗಿ ಗುರುತಿಸಿದರು. ಮುಂದಿನ ಎರಡು ದಶಕ ಅಲ್ಲಿನ ಮನೋವೈದ್ಯರಲ್ಲಿ ಅನೇಕರು ತಾಯಿಯನ್ನೇ ದೂರಿದರು. ಪ್ರೀತಿ ತೋರದ ತಣ್ಣನೆಯ ತಾಯಿಯಿಂದ ಮಗು ಹೀಗಾಯಿತು ಎಂದು ಹೇಳಿ ಅವಳಿಗೆ “ರೆಫ್ರಿಜರೇಟರ್ ತಾಯಿ” ಎಂದು ಹೆಸರಿಟ್ಟರು. ನಮ್ಮಲ್ಲಿ ಗ್ರಹಣ, ಅಲ್ಲಿ ಫ್ರಿಜ್. ಪುರಾವೆ ಎರಡಕ್ಕೂ ಇರಲಿಲ್ಲ. ಆಟಿಸಂ ಇದ್ದ ಮಗನ ತಂದೆಯೂ ಆಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಇದನ್ನು ನೇರವಾಗಿ ಪ್ರಶ್ನಿಸಿ, ಕಾರಣವನ್ನು ಮಿದುಳಿನಲ್ಲಿ ಹುಡುಕಬೇಕು ಎಂದು ವಾದಿಸಿದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ 21 ಜೋಡಿ ಅವಳಿಗಳನ್ನು ನೋಡಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಎರಡೂ ಗುಂಪಿನ ಮಕ್ಕಳು ಬೆಳೆದದ್ದು ತಮ್ಮ ತಮ್ಮ ಒಂದೇ ಮನೆಯಲ್ಲಿ, ಒಬ್ಬಳೇ ತಾಯಿಯ ಕೈಯಲ್ಲಿ. ವ್ಯತ್ಯಾಸವಿದ್ದದ್ದು ಜೀನ್‌ಗಳಲ್ಲಿ.

ಶುರುವಾಗುವುದು ಹೊಟ್ಟೆಯಲ್ಲಿದ್ದಾಗಲೇ

ಮಿದುಳಿನ ಮೇಲ್ಪದರಕ್ಕೆ ಬೇಕಾದ ನರಕೋಶಗಳು ಹೆಚ್ಚಾಗಿ ಹುಟ್ಟುವುದು ಗರ್ಭದ ಸುಮಾರು 10ರಿಂದ 20ನೇ ವಾರದೊಳಗೆ. ಆಮೇಲೆ ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನ ಎರಡು ಅಧ್ಯಯನ ನೋಡಿ.

2011ರಲ್ಲಿ ಅಮೆರಿಕದ ಎರಿಕ್ ಕೋರ್ಶೆನ್ ತಂಡ, ಬೇರೆ ಬೇರೆ ಕಾರಣಗಳಿಂದ ತೀರಿಕೊಂಡ ಮಕ್ಕಳ ದಾನ ಮಾಡಿದ ಮಿದುಳುಗಳಲ್ಲಿ ನರಕೋಶಗಳನ್ನು ಎಣಿಸಿತು. ಆಟಿಸಂ ಇದ್ದ 7 ಹುಡುಗರ ಮಿದುಳಿನ ಮುಂಭಾಗದಲ್ಲಿ, ಆಟಿಸಂ ಇಲ್ಲದ 6 ಹುಡುಗರಿಗಿಂತ ಶೇ 67ರಷ್ಟು ಹೆಚ್ಚು ನರಕೋಶಗಳಿದ್ದವು. ಹುಟ್ಟಿದ ಮೇಲೆ ಅಷ್ಟೊಂದು ಕೋಶ ಸೇರಿಕೊಳ್ಳಲು ದಾರಿಯಿಲ್ಲ. 2014ರಲ್ಲಿ ಇದೇ ತಂಡ ಇನ್ನೊಂದನ್ನು ಕಂಡಿತು. ಮಿದುಳಿನ ಮೇಲ್ಪದರದಲ್ಲಿ ಕೋಶಗಳು ಆರು ವರಸೆಗಳಲ್ಲಿ ಕೂರುತ್ತವೆ. ಆಟಿಸಂ ಇದ್ದ 11 ಮಕ್ಕಳಲ್ಲಿ 10 ಮಂದಿಯ ಮಿದುಳಲ್ಲಿ ಅಲ್ಲಲ್ಲಿ ಈ ವರಸೆ ಸರಿಯಾಗಿ ಕೂಡಿರಲಿಲ್ಲ. ಆಟಿಸಂ ಇಲ್ಲದ 11 ಮಕ್ಕಳಲ್ಲಿ ಇದು ಕಂಡದ್ದು ಒಬ್ಬರಲ್ಲಿ. ಈ ವರಸೆ ಕಟ್ಟುವ ಕೆಲಸವೂ ನಡೆಯುವುದು ಗರ್ಭದಲ್ಲೇ.

ಇವು ಸಣ್ಣ ಲೆಕ್ಕಗಳು. ಮಕ್ಕಳ ಮಿದುಳು ದಾನವಾಗಿ ಸಿಗುವುದು ಅಪರೂಪ. ಹಾಗಾಗಿ ಇಷ್ಟರಿಂದಲೇ ಎಲ್ಲ ಮಕ್ಕಳಿಗೂ ಇದೇ ಕಾರಣ ಎನ್ನಲಾಗದು. ಆದರೆ ಬದುಕಿರುವ ಮಕ್ಕಳ ಅಧ್ಯಯನಗಳೂ ಇದೇ ದಿಕ್ಕು ತೋರಿಸುತ್ತವೆ. 2013ರಲ್ಲಿ ವಾರೆನ್ ಜೋನ್ಸ್ ಮತ್ತು ಆಮಿ ಕ್ಲಿನ್ ಹಸುಗೂಸುಗಳ ನೋಟವನ್ನು ಯಂತ್ರದಿಂದ ಅಳೆದರು. ಮುಂದೆ ಆಟಿಸಂ ಗುರುತಿಸಲಾದ ಕೂಸುಗಳಲ್ಲಿ, ಎದುರಿನವರ ಕಣ್ಣು ನೋಡುವುದು ಎರಡರಿಂದ ಆರು ತಿಂಗಳ ನಡುವೆಯೇ ಕಡಿಮೆಯಾಗುತ್ತಾ ಬಂದಿತ್ತು. 2017ರಲ್ಲಿ ಹೆದರ್ ಹ್ಯಾಜ್ಲೆಟ್ ಮತ್ತಿತರರು, ಆಟಿಸಂ ಇರುವ ಅಣ್ಣ ಅಥವಾ ಅಕ್ಕ ಇದ್ದ 106 ಶಿಶುಗಳ ಎಂಆರ್‌ಐ ತೆಗೆದು ನೋಡಿದರು. ಮುಂದೆ ಆಟಿಸಂ ಗುರುತಿಸಲಾದ ಮಕ್ಕಳಲ್ಲಿ ಮಿದುಳಿನ ಮೇಲ್ಮೈ ಆರರಿಂದ ಹನ್ನೆರಡು ತಿಂಗಳಿನೊಳಗೇ ಬೇಗ ಬೇಗ ಹಿಗ್ಗಿತ್ತು.

ಆರು ತಿಂಗಳ ಕೂಸು ಕಾರ್ಟೂನ್ ಹಚ್ಚಿಕೊಡು ಎಂದು ಹಟ ಹಿಡಿಯುವುದಿಲ್ಲ. ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಕೊಡುವುದೂ ಒಂಬತ್ತು ತಿಂಗಳು ತುಂಬಿದ ಮೇಲೆ. “ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಕೊಡುತ್ತಾರಲ್ಲ, ಅವುಗಳಿಂದ ಇರಬಹುದು” ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಕೋಶಗಳ ವರಸೆ ತಪ್ಪಿದ್ದು ಅದಕ್ಕೂ ಮುಂಚೆ, ಹೊಟ್ಟೆಯಲ್ಲಿದ್ದಾಗ.

ಮಿದುಳಿನ ಚಾಟ್ನಿ

ಹುಟ್ಟಿದ ಮೇಲೆ ಮಿದುಳಿನಲ್ಲಿ ನಡೆಯುವ ದೊಡ್ಡ ಕೆಲಸವೊಂದು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಹೇಳಿಕೊಡದೆಯೂ ಅರ್ಥವಾಗುತ್ತದೆ. ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಜಾಗಕ್ಕೆ ಸೈನಾಪ್ಸ್ ಎನ್ನುತ್ತಾರೆ. ಎಳೆ ಮಗುವಿನ ಮಿದುಳು ಇವನ್ನು ಬೇಕಾದ್ದಕ್ಕಿಂತ ಬಹಳ ಹೆಚ್ಚು ಬೆಳೆಸುತ್ತದೆ. ಆಮೇಲೆ ಬಳಕೆಯಾಗುವುದನ್ನು ಉಳಿಸಿ, ಉಳಿದದ್ದನ್ನು ಕತ್ತರಿಸುತ್ತಾ ಹೋಗುತ್ತದೆ. ದ್ರಾಕ್ಷಿ ಬಳ್ಳಿಗೆ ಏಪ್ರಿಲ್‌ನಲ್ಲಿ, ಅಕ್ಟೋಬರ್‌ನಲ್ಲಿ ಚಾಟ್ನಿ ಮಾಡುತ್ತಾರಲ್ಲ, ಹಾಗೆ. ಚಾಟ್ನಿ ಮಾಡದೆ ಬಿಟ್ಟರೆ ಬಳ್ಳಿ ಸಾಯುವುದಿಲ್ಲ, ಹಬ್ಬುತ್ತದೆ. ಆದರೆ ಬಲ ಎಲ್ಲೆಲ್ಲೋ ಹಂಚಿಹೋಗುತ್ತದೆ.

ಕೊಲಂಬಿಯಾ ವಿಶ್ವವಿದ್ಯಾಲಯದ ತಂಡವೊಂದು 2014ರಲ್ಲಿ ಎಳೆಯ ಮಕ್ಕಳಿಂದ ಹಿಡಿದು ಹದಿಹರೆಯದವರವರೆಗಿನ ಮಿದುಳುಗಳಲ್ಲಿ ಈ ಸೈನಾಪ್ಸ್‌ಗಳ ಸಾಂದ್ರತೆಯನ್ನು ಅಳೆಯಿತು. ಆಟಿಸಂ ಇಲ್ಲದವರಲ್ಲಿ ಬಾಲ್ಯ ಮುಗಿಯುವ ಹೊತ್ತಿಗೆ ಅದು ಸುಮಾರು ಅರ್ಧಕ್ಕೆ ಇಳಿದಿತ್ತು. ಆಟಿಸಂ ಇದ್ದವರಲ್ಲಿ ಇಳಿದದ್ದು ಶೇ 16 ಮಾತ್ರ. ಕುಕ್ಕರ್ ಸೀಟಿ, ಮದುವೆ ಮನೆಯ ಬ್ಯಾಂಡು, ಅಂಗಿಯ ಒಳಗಿನ ಲೇಬಲ್ಲು ಈ ಮಕ್ಕಳಿಗೆ ತಡೆಯಲಾಗದಷ್ಟು ಜೋರು ಅನ್ನಿಸುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ಸಂಶೋಧಕರು ಯೋಚಿಸುತ್ತಾರೆ. ಒಳಬರುವ ಸಂಕೇತಗಳೆಲ್ಲ ಒಟ್ಟಿಗೆ ಬಾಗಿಲು ಬಡಿಯುತ್ತವೆ. ಇಂಥ ಮಗು ಸಂತೆಯಲ್ಲಿ ನೆಲಕ್ಕೆ ಬಿದ್ದು ಅತ್ತರೆ ಅದನ್ನು ಮೊಂಡತನ ಎಂದು ಹೊಡೆಯುವವರಿಗೆ ಈ ಪ್ಯಾರಾವನ್ನು ಓದಿ ಹೇಳಿದರೆ ಒಳ್ಳೆಯದು.

ಜೀನ್ ಅಂದಕೂಡಲೇ “ಯಾರ ಕಡೆಯಿಂದ ಬಂತು?”

2019ರಲ್ಲಿ ಐದು ದೇಶಗಳ ಸುಮಾರು 20 ಲಕ್ಷ ಮಕ್ಕಳ ದಾಖಲೆ ನೋಡಿದ ಅಧ್ಯಯನವೊಂದು, ಯಾರಿಗೆ ಆಟಿಸಂ ಇರುತ್ತದೆ ಯಾರಿಗೆ ಇರುವುದಿಲ್ಲ ಎಂಬ ವ್ಯತ್ಯಾಸದಲ್ಲಿ ಸುಮಾರು ಶೇ 80ರಷ್ಟು ಜೀನ್‌ಗಳಿಗೆ ಸೇರಿದ್ದು ಎಂದು ಅಂದಾಜಿಸಿತು. ಆದರೆ ಆಟಿಸಂಗೆ ಒಂದೇ ಜೀನ್ ಇಲ್ಲ. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 35,584 ಜನರ ಜೀನ್‌ಗಳನ್ನು ಓದಿ, ಆಟಿಸಂ ಜತೆ ನಂಟಿರುವ 102 ಜೀನ್‌ಗಳ ಪಟ್ಟಿ ಕೊಟ್ಟಿತು. ಅವುಗಳಲ್ಲಿ ಹೆಚ್ಚಿನವು ಗರ್ಭದಲ್ಲೇ ಕೆಲಸ ಶುರು ಮಾಡುವಂಥವು. ಕೆಲವು ಬೇರೆ ಜೀನ್‌ಗಳನ್ನು ಚಾಲೂ–ಬಂದ್ ಮಾಡುವ ಸ್ವಿಚ್ಚುಗಳಂತೆ, ಕೆಲವು ಸೈನಾಪ್ಸ್ ಕಟ್ಟುವ ಮೇಸ್ತ್ರಿಗಳಂತೆ.

ಜೀನ್ ಎಂದರೆ ಅವ್ವ ಅಪ್ಪನಿಂದ ಬಂದದ್ದೇ ಇರಬೇಕು ಎಂದಿಲ್ಲ. ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ ಹೊಸದಾಗಿ ಆಗುವ ಅಕ್ಷರದೋಷಗಳೂ ಇವೆ. 2012ರಲ್ಲಿ ಐಸ್‌ಲ್ಯಾಂಡ್‌ನ ವಿಜ್ಞಾನಿಗಳು 78 ಕುಟುಂಬಗಳಲ್ಲಿ ಲೆಕ್ಕ ಹಾಕಿದಾಗ, ತಂದೆಯ ವಯಸ್ಸು ಒಂದೊಂದು ವರ್ಷ ಹೆಚ್ಚಿದಂತೆ ಮಗುವಿಗೆ ಸುಮಾರು ಎರಡೆರಡು ಹೊಸ ದೋಷ ಹೆಚ್ಚು ದಾಟುತ್ತಿದ್ದವು. ಇವುಗಳಲ್ಲಿ ಬಹುಪಾಲು ಯಾವ ತೊಂದರೆಯನ್ನೂ ಮಾಡುವುದಿಲ್ಲ. ಸೊಸೆಯನ್ನು ಮಾತ್ರ ಕಟಕಟೆಗೆ ನಿಲ್ಲಿಸುವ ಮನೆಗಳು ಈ ಲೆಕ್ಕವನ್ನೂ ಕೇಳಬೇಕು.

ನಮ್ಮ ಭಾಗದಲ್ಲಿ ಇದರ ಬೆನ್ನಿಗೇ ಬರುವ ಪ್ರಶ್ನೆ ಸೋದರ ಸಂಬಂಧದ ಮದುವೆಯದು. ಸೋದರಮಾವ–ಅಕ್ಕನ ಮಗಳು, ಅತ್ತೆಯ ಮಗ–ಮಾವನ ಮಗಳ ಮದುವೆ ಇಲ್ಲಿ ಹೊಸದಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ 27ರಷ್ಟು ಮದುವೆಗಳು ರಕ್ತಸಂಬಂಧದೊಳಗೇ ಆದವು. ನಾವೆಲ್ಲರೂ ನಮಗೆ ಗೊತ್ತಿಲ್ಲದೆ ಕೆಲವು ಕೆಟ್ಟ ಜೀನ್‌ಗಳ ಒಂದೊಂದು ಪ್ರತಿ ಹೊತ್ತಿರುತ್ತೇವೆ. ಇನ್ನೊಂದು ಪ್ರತಿ ಚೆನ್ನಾಗಿದ್ದರೆ ತೊಂದರೆಯಿಲ್ಲ. ಗಂಡ ಹೆಂಡತಿ ಒಂದೇ ಮನೆತನದವರಾದಾಗ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ, ಮಗುವಿಗೆ ಎರಡೂ ಸೇರುವ ಸಾಧ್ಯತೆ ಏರುತ್ತದೆ. 2008ರಲ್ಲಿ ಮಧ್ಯಪ್ರಾಚ್ಯ, ಟರ್ಕಿ, ಪಾಕಿಸ್ತಾನದ ಇಂಥ ಕುಟುಂಬಗಳಲ್ಲಿ ಹುಡುಕಿದ ಸಂಶೋಧಕರಿಗೆ ಆಟಿಸಂಗೆ ಸಂಬಂಧಿಸಿದ ಹೊಸ ಜೀನ್‌ಗಳು ಈ ದಾರಿಯಲ್ಲೇ ಸಿಕ್ಕವು.

ಹಾಗೆಂದು “ಸಂಬಂಧದಲ್ಲಿ ಮದುವೆ ಆದದ್ದಕ್ಕೇ ಆಟಿಸಂ” ಎನ್ನುವುದು ತಪ್ಪು. ಸಂಬಂಧದಲ್ಲಿ ಮದುವೆಯಾದವರ ಹೆಚ್ಚಿನ ಮಕ್ಕಳಿಗೆ ಆಟಿಸಂ ಇರುವುದಿಲ್ಲ. ಅಂಥ ಮದುವೆಯೇ ಅಪರೂಪವಾದ ದೇಶಗಳಲ್ಲೂ ಆಟಿಸಂ ಧಾರಾಳವಾಗಿದೆ. ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ತೊಂದರೆಯಿದ್ದು ಮತ್ತೆ ಸಂಬಂಧದಲ್ಲೇ ಮದುವೆಯ ಮಾತು ನಡೆದಿದ್ದರೆ, ಅಥವಾ ಎರಡನೇ ಮಗುವಿನ ಯೋಚನೆಯಿದ್ದರೆ, ಜೆನೆಟಿಕ್ ಕೌನ್ಸೆಲಿಂಗ್ ಎಲ್ಲಿ ಸಿಗುತ್ತದೆ ಎಂದು ಮಕ್ಕಳ ವೈದ್ಯರನ್ನು ಕೇಳಿ.

ಲಸಿಕೆಯ ಕಥೆಯಲ್ಲಿ ತಿರುವು

1998ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ 12 ಮಕ್ಕಳ ವಿಷಯ ಬರೆದು ಎಂಎಂಆರ್ ಲಸಿಕೆಯ ಮೇಲೆ ಅನುಮಾನ ಎಬ್ಬಿಸಿದರು. ಲ್ಯಾನ್ಸೆಟ್ ಪತ್ರಿಕೆ ಆ ಲೇಖನವನ್ನು 2010ರಲ್ಲಿ ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ವೈದ್ಯರ ಪಟ್ಟಿಯಿಂದಲೇ ಹೊರಬಿದ್ದರು. 2019ರಲ್ಲಿ ಡೆನ್ಮಾರ್ಕ್‌ನ 6,57,461 ಮಕ್ಕಳ ದಾಖಲೆ ನೋಡಿದಾಗ ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಆಟಿಸಂ ಇರುವ ಅಣ್ಣ ಅಥವಾ ಅಕ್ಕ ಇದ್ದ ಮಕ್ಕಳಲ್ಲೂ ಹೆಚ್ಚಿರಲಿಲ್ಲ.

ಆದರೂ ತಾಯಿ ಸುಳ್ಳು ಹೇಳುತ್ತಿಲ್ಲ. ಎರಡನೇ ಡೋಸ್ ಬೀಳುವುದು 16ರಿಂದ 24 ತಿಂಗಳ ನಡುವೆ. ಮಾತು ಬರಲಿಲ್ಲ, ಅಥವಾ ಬಂದ ಮಾತು ಹೋಯಿತು ಎಂದು ಮನೆಯವರ ಗಮನಕ್ಕೆ ಬರುವುದೂ ಅದೇ ತಿಂಗಳುಗಳಲ್ಲಿ. ಎರಡೂ ಒಂದೇ ಹೊತ್ತಿಗೆ ಬಂದಿದ್ದರಿಂದ ಒಂದರಿಂದ ಇನ್ನೊಂದಾಯಿತು ಎಂದು ಕಾಣುತ್ತದೆ.

2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್‌ನಲ್ಲಿ ಭಯದ ಸಂದೇಶಗಳು ಹರಿದಾಡಿದವು. ಆ ಸಂದೇಶ ಕಳಿಸಿದವರಿಗೆ ಒಂದು ವಿಷಯ ಗೊತ್ತಿರಲಿಕ್ಕಿಲ್ಲ. ಅಮೆರಿಕದಲ್ಲಿ 1964ರ ರುಬೆಲ್ಲಾ ಪಿಡುಗಿನಲ್ಲಿ, ತಾಯಿಗೆ ಸೋಂಕು ತಗಲಿ ಹೊಟ್ಟೆಯಲ್ಲೇ ಬಾಧೆಗೊಳಗಾದ 243 ಮಕ್ಕಳನ್ನು ಸ್ಟೆಲ್ಲಾ ಚೆಸ್ ಎಂಬ ವೈದ್ಯೆ ಪರೀಕ್ಷಿಸಿದರು. 10 ಮಕ್ಕಳಲ್ಲಿ ಆಟಿಸಂ ಪೂರ್ಣವಾಗಿ, ಇನ್ನೂ 8 ಮಕ್ಕಳಲ್ಲಿ ಭಾಗಶಃ ಕಂಡಿತು. ಆ ಕಾಲಕ್ಕೆ ಅದು ಬಹಳ ದೊಡ್ಡ ಪ್ರಮಾಣ. ಅಂದರೆ ರುಬೆಲ್ಲಾ ಸೋಂಕು ಗರ್ಭದ ಮಿದುಳನ್ನು ಕೆಡಿಸಿ ಆಟಿಸಂಗೆ ದಾರಿ ಮಾಡಬಲ್ಲದು, ಮತ್ತು ಆ ಸೋಂಕನ್ನು ತಡೆಯುವುದು ಫಾರ್ವರ್ಡ್‌ಗಳು ಬೇಡ ಎನ್ನುವ ಅದೇ ಇಂಜೆಕ್ಷನ್.

ಗರ್ಭಿಣಿಯರ ಮಾತ್ರೆಗಳ ಬಗ್ಗೆಯೂ ಎರಡು ಮಾತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಪ್ಯಾರಾಸಿಟಮಾಲ್ ಮೇಲೆ ಬೆರಳು ತೋರಿದ ಸುದ್ದಿ ಇಲ್ಲಿಗೂ ಬಂತು. ಸ್ವೀಡನ್‌ನ ಸುಮಾರು 25 ಲಕ್ಷ ಮಕ್ಕಳ ಅಧ್ಯಯನ ಅದಕ್ಕೂ ಮುಂಚೆ, 2024ರಲ್ಲಿ ಬಂದಿತ್ತು. ಅದರಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಈ ನಂಟು ಉಳಿಯಲಿಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಎಂಬ ಮಾತ್ರೆಗೆ. ಗರ್ಭಿಣಿ ಅದನ್ನು ತೆಗೆದುಕೊಂಡರೆ ಮಗುವಿಗೆ ಆಟಿಸಂ ಸಾಧ್ಯತೆ ಹೆಚ್ಚುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ. ಆದ್ದರಿಂದ ಬಸಿರಾಗುವ ಮೊದಲೇ ವೈದ್ಯರ ಬಳಿ ಮಾತ್ರೆ ಬದಲಿಸುವ ಮಾತಾಡಬೇಕು.

ಮೊಬೈಲ್ ಬಗ್ಗೆ ಹೇಳುವುದು ಕಡಿಮೆ. “ವರ್ಚುವಲ್ ಆಟಿಸಂ” ಎಂಬುದು ವೈದ್ಯರು ಬಳಸುವ ಅಧಿಕೃತ ರೋಗಪಟ್ಟಿಗಳಲ್ಲಿ ಇಲ್ಲ. ದಿನವಿಡೀ ಪರದೆ ನೋಡುವ ಮಗುವಿಗೆ ಮಾತು ತಡವಾಗಬಹುದು. ಅಂಥ ಮಗು ಮೊಬೈಲ್ ಬಿಡಿಸಿ ಮಾತಾಡಿಸಿದರೆ ಸುಧಾರಿಸುತ್ತದೆ, ಯಾಕೆಂದರೆ ಅದಕ್ಕೆ ಆಟಿಸಂ ಇರಲಿಲ್ಲ. ಆಟಿಸಂ ಇರುವ ಮಗು ಮೊಬೈಲ್‌ಗೆ ಹೆಚ್ಚು ಅಂಟಿಕೊಂಡಿರುವುದನ್ನು ನೋಡಿ ಜನ ಕಾರಣ–ಪರಿಣಾಮವನ್ನು ತಿರುಗಿಸಿ ಓದುತ್ತಾರೆ. ಎರಡು ವರ್ಷದೊಳಗಿನ ಮಗುವಿನ ಕೈಗೆ ಮೊಬೈಲ್ ಬೇಡ. ಆದರೆ ಬಿಡಿಸಿ ನೋಡೋಣ ಎಂದು ವರ್ಷ ಕಾಯುವುದೂ ಬೇಡ.

ಬೆಂಗಳೂರಿನ ಇಲಿ, ವಾಟ್ಸ್‌ಆ್ಯಪ್‌ನ “ಔಷಧ”

ನಮ್ಮ ರಾಜ್ಯದಲ್ಲೇ ಈ ಸಂಶೋಧನೆ ನಡೆಯುತ್ತಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೇಮ್ಸ್ ಕ್ಲೆಮೆಂಟ್ ಅವರ ತಂಡ ಸಿನ್‌ಗ್ಯಾಪ್–1 ಎಂಬ ಜೀನ್ ಮೇಲೆ ಕೆಲಸ ಮಾಡುತ್ತದೆ. ಈ ಜೀನ್ ಸೈನಾಪ್ಸ್‌ಗೆ ಬ್ರೇಕ್ ಇದ್ದಂತೆ. ಒಂದು ಪ್ರತಿ ಕೆಟ್ಟರೆ ಸೈನಾಪ್ಸ್‌ಗಳು ಹೊತ್ತಿಗೆ ಮುಂಚೆಯೇ ಬಲಿಯುತ್ತವೆ, ಕಲಿಯುವ ಅವಧಿ ಬೇಗ ಮುಚ್ಚಿಹೋಗುತ್ತದೆ. ಅಂಥ ಇಲಿಗಳಿಗೆ 6–ಬಿಐಒ ಎಂಬ ರಾಸಾಯನಿಕ ಕೊಟ್ಟಾಗ ಅವುಗಳ ಕಲಿಕೆ, ನಡವಳಿಕೆ ಸುಧಾರಿಸಿದ್ದನ್ನು ತಂಡ ವರದಿ ಮಾಡಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ, ಆಟಿಸಂಗೆ ಗೊತ್ತಿರುವ ಒಂಟಿ ಜೀನ್ ಕಾರಣಗಳಲ್ಲಿ ಪ್ರಮುಖವಾದ ಫ್ರಾಜೈಲ್ ಎಕ್ಸ್ ಬಗ್ಗೆ ವರ್ಷಗಳಿಂದ ಅಧ್ಯಯನ ಮಾಡಿದೆ.

ಇಂಥ ಸುದ್ದಿ “ಆಟಿಸಂಗೆ ಔಷಧ ಸಿಕ್ಕಿತು” ಎಂದು ತಲೆಬರಹ ಬದಲಿಸಿಕೊಂಡು ಬರುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಇಲಿಯಿಂದ ಮನುಷ್ಯರಿಗೆ ದಾಟುವ ಹಾದಿ ಎಷ್ಟು ಕಠಿಣ ಎನ್ನುವುದಕ್ಕೆ ಫ್ರಾಜೈಲ್ ಎಕ್ಸ್ ಸಾಕ್ಷಿ. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಮಾವೊಗ್ಲುರಂಟ್ ಎಂಬ ಔಷಧ ಮನುಷ್ಯರ ಪರೀಕ್ಷೆಯಲ್ಲಿ ಸೋತಿತು, 2014ರಲ್ಲಿ ನೊವಾರ್ಟಿಸ್ ಕಂಪನಿ ಆ ಪ್ರಯತ್ನ ಕೈಬಿಟ್ಟಿತು. ಆಟಿಸಂನ ಮೂಲ ಲಕ್ಷಣಗಳನ್ನು ಹೋಗಲಾಡಿಸುವ ಮಾತ್ರೆ ಇವತ್ತಿಗೆ ಇಲ್ಲ.

ಸ್ಟೆಮ್ ಸೆಲ್ ಚಿಕಿತ್ಸೆಯಂತೂ ಇನ್ನೂ ಹಿಂದಿದೆ. ಆಟಿಸಂಗೆ ಇದನ್ನು ಶಿಫಾರಸು ಮಾಡುವಂತಿಲ್ಲ, ಇದರ ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮಂಡಳಿ 2022ರ ಡಿಸೆಂಬರ್‌ನಲ್ಲೇ ಹೇಳಿದೆ. ಗರ್ಭದಲ್ಲಿ ಕೂಡಿಬಂದ ಕೋಟ್ಯಂತರ ಕೋಶಗಳ ವರಸೆಯನ್ನು ಬೆನ್ನಿಗೆ ಚುಚ್ಚಿದ ಒಂದು ಸಿರಿಂಜು ಹೇಗೆ ಬದಲಿಸುತ್ತದೆ ಎಂದು ದುಡ್ಡು ಕಟ್ಟುವ ಮೊದಲು ಕೇಳಿ. ಹೊಲ ಮಾರುವ ಮೊದಲಂತೂ ಕೇಳಲೇಬೇಕು.

ಹಾಗಾದರೆ ಮಾಡುವುದೇನು?

ಗರ್ಭದಲ್ಲೇ ಶುರುವಾದದ್ದು ಎಂದರೆ ಕೈಕಟ್ಟಿ ಕೂರಬೇಕು ಎಂದಲ್ಲ. ಚಾಟ್ನಿ ನಡೆಯುವ ವರ್ಷಗಳಲ್ಲಿ ಯಾವ ದಾರಿ ಬಳಕೆಯಾಗುತ್ತದೋ ಅದು ಗಟ್ಟಿಯಾಗುತ್ತದೆ. ಅದಕ್ಕೇ ಎರಡು–ಮೂರು ವರ್ಷಕ್ಕೆ ಶುರು ಮಾಡುವ ತರಬೇತಿಗೆ ಅಷ್ಟು ಬೆಲೆ. ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತಂದೆ ತಾಯಿಗೆ ಮಗುವಿನೊಡನೆ ಒಡನಾಡುವ ರೀತಿ ಕಲಿಸಿದರು. ಪಾಲಕರು ಮಗುವಿಗೆ ಸ್ಪಂದಿಸುವುದು, ಮಗು ತಾನಾಗಿ ಸಂವಹನ ಶುರು ಮಾಡುವುದು ಎರಡೂ ಹೆಚ್ಚಿದವು.

ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ತೋರಿಸದಿದ್ದರೆ. 16 ತಿಂಗಳಿಗೆ ಒಂದೂ ಪದ ಆಡದಿದ್ದರೆ. ಎರಡು ವರ್ಷಕ್ಕೆ “ಅವ್ವಾ ಬಾ” ಎಂಬಂತೆ ಎರಡು ಪದ ಕೂಡಿಸದಿದ್ದರೆ. ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ಹೋದರೆ ತೋರಿಸಿ. “ಗಂಡ ಹುಡುಗ, ಮಾತು ತಡಾ ಬರ್ತಾವ, ಅವರಪ್ಪನೂ ಹಂಗೇ ಇದ್ದ” ಎನ್ನುವ ಆಯಿಯ ಮಾತಿಗೆ ಗೌರವ ಕೊಟ್ಟೂ ತೋರಿಸಿ. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು, ಕಿವುಡೂ ಹೀಗೆಯೇ ಕಾಣುತ್ತದೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಹೇಳಿದರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಚೀಟಿ ಬರೆದುಕೊಡುವ ವ್ಯವಸ್ಥೆಯಿದೆ. ತಿಕೋಟಾ, ಬಬಲೇಶ್ವರದಿಂದ ವಿಜಯಪುರ ಒಂದು ಬಸ್ಸಿನ ದೂರ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಆಮೇಲಿನ ಮಾತು.

“ಮೊದಲು ತಲೆಯ ಸ್ಕ್ಯಾನ್ ಮಾಡಿಸೋಣ” ಎಂದು ಓಡಬೇಡಿ. ಮೇಲೆ ಹೇಳಿದ ಎಂಆರ್‌ಐ ಅಧ್ಯಯನ ಸಂಶೋಧನೆಗಾಗಿ ಮಾಡಿದ್ದು. ನಿಮ್ಮ ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಎಂದು ಹೇಳುವ ಸ್ಕ್ಯಾನ್ ಆಗಲಿ ರಕ್ತಪರೀಕ್ಷೆಯಾಗಲಿ ಆಸ್ಪತ್ರೆಗಳಲ್ಲಿ ಇಲ್ಲ. ವೈದ್ಯರು ಮಗುವನ್ನು ನೋಡಿ, ಆಡಿಸಿ, ನಿಮ್ಮನ್ನು ಕೇಳಿ ತೀರ್ಮಾನಿಸುತ್ತಾರೆ. ಫಿಟ್ಸ್‌ನಂಥ ಬೇರೆ ಅನುಮಾನವಿದ್ದರೆ ಮಾತ್ರ ಇಇಜಿ, ಎಂಆರ್‌ಐ ಬರೆಯುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಆದ್ದರಿಂದ ಯುಡಿಐಡಿ ಕಾರ್ಡ್ ಸಿಗುತ್ತದೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದ್ದು, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

ಆಸ್ಪತ್ರೆಗೆ ಹೋಗುವ ಮೊದಲು ಫೋನಿನಲ್ಲಿ ಎರಡು ಮೂರು ಸಣ್ಣ ವಿಡಿಯೊ ಮಾಡಿಟ್ಟುಕೊಳ್ಳಿ. ಮಗು ಒಬ್ಬನೇ ಆಡುವುದು, ಊಟ ಮಾಡುವುದು, ಹೆಸರು ಹಿಡಿದು ಕರೆದಾಗ ಏನು ಮಾಡುತ್ತದೆ ಎಂಬುದು ಅದರಲ್ಲಿರಲಿ. ಹೊಸ ಜಾಗದಲ್ಲಿ ಹೆದರಿ ಅಳುವ ಮಗುವನ್ನು ಹತ್ತು ನಿಮಿಷದಲ್ಲಿ ಅರಿಯುವುದು ವೈದ್ಯರಿಗೂ ಕಷ್ಟ. ಈ ವಿಡಿಯೊಗಳನ್ನು ವೈದ್ಯರಿಗೆ ಮಾತ್ರ ತೋರಿಸಿ, ಗುಂಪಿಗೆ ಹಾಕಬೇಡಿ.